ನಾಲ್ಕು ಕಾಣಿಸದ ಕ್ಯಾಲ್ಕುಲೇಟರ್

ನಾನು ರಿಪೇರಿ ಮಾಡಿದ್ದು 1970ರ ಆಸುಪಾಸಿನ ಒಂದು ಜಪಾನಿ ಕ್ಯಾಲ್ಕುಲೇಟರ್. ಅರ್ಧ ಮೇಜು ಅದಕ್ಕೇ ಬೇಕು. ಅಂಕಿ ತೋರಿಸಲು ಹನ್ನೆರಡು ನಿಕ್ಸಿ ಟ್ಯೂಬ್‌ಗಳಿವೆ. ಗಾಜಿನ ಟ್ಯೂಬಿನೊಳಗೆ 0ಯಿಂದ 9ರವರೆಗಿನ ಲೋಹದ ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಸುತ್ತ ನಿಯಾನ್ ಅನಿಲ. ಯಾವ ಅಂಕಿಯಲ್ಲಿ ಕರೆಂಟ್ ಹರಿಯುತ್ತದೋ ಅದರ ಸುತ್ತ ಕಿತ್ತಳೆ ಬೆಳಕು. ಆದರೆ ಬೆಳಗಬೇಕಾದರೆ ಸುಮಾರು 170 ವೋಲ್ಟ್ ಬೇಕು, ಹಾಗಾಗಿ ಒಳಗೆ ಕೈ ಹಾಕುವಾಗ ಮೈಯೆಲ್ಲ ಎಚ್ಚರ ಇರಬೇಕು.

ಇಂಥ ಮಷೀನ್ ಸಿಕ್ಕಿದ ತಕ್ಷಣ ಪ್ಲಗ್ ಚುಚ್ಚಿ ನೋಡುವ ಆಸೆ ಆಗುತ್ತದೆ ಅಲ್ವಾ? ಬೇಡ. ಜಪಾನಿನ ಮನೆ ಕರೆಂಟು 100 ವೋಲ್ಟ್, ನಮ್ಮದು 230. ಮೊದಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಪವರ್ ಸಪ್ಲೈನಲ್ಲಿ ವೋಲ್ಟೇಜಿನ ಏರಿಳಿತ ಸಮ ಮಾಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿದೆ. ಒಂದರ ತಳ ಉಬ್ಬಿತ್ತು, ಉಳಿದವು ನೋಡಲು ಚೆನ್ನಾಗಿಯೇ ಇದ್ದವು. ಆದರೂ ಐವತ್ತು ವರ್ಷದ ಕೆಪಾಸಿಟರ್ ನಂಬುವುದಿಲ್ಲ ನಾನು. ಆಮೇಲೆ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆಗೆ ಸೀರೀಸ್ ಬಲ್ಬ್ ಹಾಕಿ, ಅಂದರೆ ಕರೆಂಟೆಲ್ಲ ಒಂದು ಬಲ್ಬಿನ ಮೂಲಕವೇ ಹೋಗುವಂತೆ ಮಾಡಿ, ಆನ್ ಮಾಡಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತಲೇ ಇರುತ್ತದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಶಾರ್ಟ್ ಇಲ್ಲ ಅಂತಾಯಿತು.

ಸೊನ್ನೆಗಳು ಬಂದವು. ಒಂದೊಂದೇ ಕೀಲಿ ಒತ್ತುತ್ತಾ ಹೋದೆ. 1, 2, 3 ಸರಿ. 4 ಒತ್ತಿದರೆ ಆ ಟ್ಯೂಬ್ ಪೂರ್ತಿ ಕತ್ತಲು. ಮುಂದೆ 5 ಒತ್ತಿದರೆ ಕತ್ತಲು ಎಡಕ್ಕೆ ಸರಿದು ಪಕ್ಕದಲ್ಲಿ 5 ಬಂತು. 2 ಕೂಡಿಸು 2 ಮಾಡಿದರೂ ಕತ್ತಲೇ!

ಇಲ್ಲಿ ಸ್ಕ್ರೂಡ್ರೈವರ್ ಕೆಳಗಿಟ್ಟು ಯೋಚಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಈ ಮಷೀನಿನಲ್ಲಿ ಎಲ್ಲ ಟ್ಯೂಬ್‌ಗಳ 4 ಒಂದೇ ತಂತಿಗೆ ಸೇರಿದೆ, ಎಲ್ಲ 5 ಇನ್ನೊಂದಕ್ಕೆ, ಹೀಗೆ. ಟ್ಯೂಬ್‌ಗಳು ಸರದಿಯಲ್ಲಿ ಒಂದೊಂದೇ ಹೊತ್ತುತ್ತವೆ, ವೇಗ ಜಾಸ್ತಿ ಇರುವುದರಿಂದ ನಮ್ಮ ಕಣ್ಣಿಗೆ ಒಟ್ಟಿಗೆ ಕಾಣುತ್ತವೆ. ಒಂದು ಸ್ಥಾನದಲ್ಲಿ ಯಾವ ಅಂಕಿಯೂ ಬಾರದಿದ್ದರೆ ಆ ಸ್ಥಾನದ ಆನೋಡ್ ಡ್ರೈವರ್ (ಇಡೀ ಟ್ಯೂಬನ್ನು ಸರದಿಯಲ್ಲಿ ಆನ್ ಮಾಡುವ ಭಾಗ) ಅಥವಾ ಆ ಟ್ಯೂಬ್ ನೋಡಬೇಕು. ಒಂದೇ ಟ್ಯೂಬಿನಲ್ಲಿ ಒಂದೇ ಅಂಕಿ ಹೋಗಿದ್ದರೆ ಬಹುಪಾಲು ಟ್ಯೂಬಿನದೇ ತಪ್ಪು. ಒಂದು ಅಂಕಿ ಎಲ್ಲ ಸ್ಥಾನದಲ್ಲೂ ಹೋಗಿದ್ದರೆ? ಆ ಅಂಕಿಯ ಕ್ಯಾಥೋಡ್ ಡ್ರೈವರ್ ಟ್ರಾನ್ಸಿಸ್ಟರ್ (ಆ ಅಂಕಿಯ ತಂತಿಯನ್ನು ಆನ್-ಆಫ್ ಮಾಡುವುದು), ಇಲ್ಲವೇ ಅಲ್ಲಿಗೆ ಹೋಗುವ ದಾರಿ. ಟ್ರಾನ್ಸಿಸ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಅದರ ಮೂರು ಕಾಲುಗಳಲ್ಲಿ ಬೇಸ್‌ನಿಂದ ಎಮಿಟರ್‌ಗೆ ಓಪನ್, ಅಂದರೆ ಒಳಗೆ ದಾರಿ ಕಡಿದಿದೆ.

ಅದೇ ನಂಬರಿನದು ಹುಡುಕಲು ಹೋಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಎಂಪಿಎಸ್‌ಎ42 ಅನ್ನುವ ಟ್ರಾನ್ಸಿಸ್ಟರ್ ತಂದೆ. 300 ವೋಲ್ಟ್ ತಡೆಯುತ್ತದೆ, ದರ ಏನೂ ಇಲ್ಲ. ಒಂದು ವಿಷಯ ಮಾತ್ರ ನೋಡಿಕೊಳ್ಳಬೇಕು. ಹಳೆಯದರ ಕಾಲುಗಳು ಎಮಿಟರ್, ಕಲೆಕ್ಟರ್, ಬೇಸ್ ಕ್ರಮದಲ್ಲಿದ್ದವು. ಹೊಸದು ಎಮಿಟರ್, ಬೇಸ್, ಕಲೆಕ್ಟರ್. ಎರಡು ಕಾಲುಗಳನ್ನು ಅಡ್ಡ ಹಾಯಿಸಿ, ಒಂದಕ್ಕೊಂದು ತಾಗದಂತೆ ಒಂದಕ್ಕೆ ಸಣ್ಣ ಸ್ಲೀವ್ ತೊಡಿಸಿ ಬೆಸುಗೆ ಹಾಕಿದೆ. 4 ಎಲ್ಲ ಕಡೆ ಬಂತು.

ಎಡ ತುದಿಯ ಟ್ಯೂಬ್‌ಗಳದ್ದು ಬೇರೆ ಕಥೆ. ಈ ಮಷೀನ್ ಸಂಖ್ಯೆಯ ಎಡಕ್ಕೆ ಉಳಿಯುವ ಸ್ಥಾನಗಳಲ್ಲೂ ಸೊನ್ನೆ ತೋರಿಸುತ್ತದೆ. ಕೋಟಿಗಟ್ಟಲೆ ಲೆಕ್ಕ ಯಾರು ದಿನಾ ಮಾಡುತ್ತಾರೆ? ಹಾಗಾಗಿ ಆ ಟ್ಯೂಬ್‌ಗಳಲ್ಲಿ ವರ್ಷಗಟ್ಟಲೆ ಬರೀ 0 ಉರಿದಿದೆ. ಉರಿಯುವ ಅಂಕಿಯಿಂದ ಸಿಡಿದ ಲೋಹದ ಕಣಗಳು ಅಕ್ಕಪಕ್ಕದ ಅಂಕಿಗಳ ಮೇಲೆ ಕೂರುತ್ತವೆ. ಅಲ್ಲಿ ಬೆಳಕು ಹಿಡಿಯುವುದಿಲ್ಲ. 8ರ ಕೆಳಗಿನ ಸುತ್ತು ತುಂಡು ತುಂಡಾಗಿ ಕಾಣುತ್ತಿತ್ತು. ಇದಕ್ಕೆ ಔಷಧಿ ಸುಲಭ: ಹನ್ನೆರಡು ಸಲ 8 ಒತ್ತಿ ಹಾಗೇ ಬಿಡುವುದು. ಉರಿದಂತೆಲ್ಲ ಕೂತ ಕಣಗಳು ಕಿತ್ತುಬರುತ್ತವೆ. ಬೇರೆ ಕೆಲಸ ಮಾಡಿಕೊಂಡು ನಡುನಡುವೆ ಬಂದು ನೋಡುತ್ತಿದ್ದೆ, ಸುತ್ತು ನಿಧಾನಕ್ಕೆ ಕೂಡಿತು. ಆಮೇಲೆ 7, 9. ಒಂದು ಟ್ಯೂಬಿನ 7ರ ತುದಿ ಇನ್ನೂ ಮಂಕಾಗಿದೆ. ಆ ಟ್ಯೂಬಿಗೆ ಕರೆಂಟ್ ಸ್ವಲ್ಪ ಜಾಸ್ತಿ ಕೊಟ್ಟು ನೋಡಬಹುದು, ಆದರೆ ಬದಲಿ ಟ್ಯೂಬ್ ಸಿಗುವ ತನಕ ಆ ಧೈರ್ಯ ಮಾಡುವುದಿಲ್ಲ.