ಮಕ್ಕಳ ಐಸಿಯುನಲ್ಲಿ ಮನೆಯವರೊಂದಿಗೆ ಕೂತು ಗುರಿ ಬರೆಯುವುದು: ನನ್ನ ಅನುಭವ

ರಾಯಚೂರಿನಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿರುವ ನಾನು, ಐಸಿಯುನಲ್ಲಿರುವ ಮಗುವಿನ ಚೇತರಿಕೆಯ ಗುರಿಗಳನ್ನು ಮನೆಯವರಿಂದಲೇ ಪಡೆಯುತ್ತೇನೆ. ಏನಾಗಬೇಕೆಂದು ನೇರವಾಗಿ ಕೇಳಿದರೆ "ಆರಾಮ ಆದ್ರ ಸಾಕ್ರಿ" ಎಂಬುದಷ್ಟೇ ಉತ್ತರ. ಆದ್ದರಿಂದ, ಕಾಯಿಲೆಗೆ ಮೊದಲು ಮಗು ಬೆಳಗ್ಗೆ ಎದ್ದು ಏನು ಮಾಡುತ್ತಿತ್ತೆಂದು ಕೇಳುತ್ತೇನೆ.

ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಗೀಯನ್-ಬಾರೆ ಸಿಂಡ್ರೋಮ್‌ನಿಂದ ಕೈಕಾಲುಗಳ ಶಕ್ತಿ ಕಳೆದುಕೊಂಡು ವೆಂಟಿಲೇಟರ್ ಮೇಲಿದ್ದ ಹುಡುಗನೊಬ್ಬನ ತಾಯಿ, "ಕಟ್ಟಿ ಮ್ಯಾಲ ಮುತ್ಯಾನ ಬಾಜೂಕ ಕುಂತು ರೊಟ್ಟಿ ತಿಂತಿದ್ದರಿ" ಎಂದರು. ಆಸರೆಯಿಲ್ಲದೆ ಕೂರುವುದು, ಕೈಯನ್ನು ಬಾಯಿಗೆ ಒಯ್ಯುವುದು, ಸುರಕ್ಷಿತವಾಗಿ ನುಂಗುವುದು ಎಂಬ ಮೂರು ಗುರಿಗಳು ಆ ಮಾತಿನಲ್ಲೇ ಇದ್ದವು. ಮೊದಲ ಮೆಟ್ಟಿಲಾಗಿ ಕತ್ತು ಎತ್ತುವುದನ್ನು ಬರೆದೆವು. ಈ ಕಾಯಿಲೆಯಲ್ಲಿ ಕತ್ತಿನ ಬಲ ಉಸಿರಾಟದ ಸ್ನಾಯುಗಳ ಬಲಕ್ಕೂ ಸೂಚನೆಯಾಗುತ್ತದೆ. ಪ್ರಗತಿ ಅಳೆಯಲು 1968ರಲ್ಲಿ ಕಿರೆಸುಕ್ ಮತ್ತು ಶೆರ್ಮನ್ ರೂಪಿಸಿದ, ಗುರಿ ಎಷ್ಟು ಸಾಧಿಸಿತೆಂದು ಐದು ಹಂತಗಳಲ್ಲಿ ತೋರಿಸುವ −2ರಿಂದ +2ರವರೆಗಿನ ಮಾಪಕವನ್ನು ಬಳಸುತ್ತೇನೆ. ನಿರೀಕ್ಷಿತ ಫಲಕ್ಕೆ ಅದರಲ್ಲಿ ಸೊನ್ನೆ. ಋಣ ಸಂಖ್ಯೆ ಕಂಡರೆ ಮಗು ನಪಾಸಾಯಿತೆಂದು ಮನೆಯವರು ತಿಳಿಯುತ್ತಾರಾದ್ದರಿಂದ ಅಂಕಿಗಳನ್ನು ನನ್ನ ಪ್ರತಿಯಲ್ಲಷ್ಟೇ ಇಟ್ಟು, ಅವರಿಗೆ ಹಂತಕ್ಕೊಂದರಂತೆ ಐದು ಚಿತ್ರ ಬರೆದುಕೊಡುತ್ತೇನೆ.

ಹೆಚ್ಚು ಶ್ರಮವಿರುವುದು ಯಾರೊಂದಿಗೆ ಮಾತಾಡಬೇಕೆಂಬುದರಲ್ಲಿ. ಒಳಗಿರುವವರು ತಾಯಿ, ತೀರ್ಮಾನ ಹೊರಗೆ ಕೂತ ಅಜ್ಜನದು, ತಂದೆ ಎಷ್ಟೋ ಸಲ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ತಾಯಿಯೊಬ್ಬರೇ ಒಪ್ಪಿದ ಗುರಿ ಸಂಜೆಯೊಳಗೆ ಬದಲಾಗುವುದುಂಟು. ಹೀಗಾಗಿ ಭೇಟಿಯ ಹೊತ್ತಿನಲ್ಲಿ ಅಜ್ಜನನ್ನು ಕರೆಸಿ, ತಂದೆಯನ್ನು ಫೋನಿನಲ್ಲಿ ಸೇರಿಸಿ, ಡಾಕ್ಟರ್ ಮತ್ತು ನರ್ಸ್ ಎದುರಲ್ಲೇ ಬರೆಯುತ್ತೇನೆ. ಎಚ್ಚರವಿರುವ ಮಗುವನ್ನೂ ಕೇಳುತ್ತೇನೆ. ಉಸಿರಾಟದ ಕೊಳವೆಯಿಂದಾಗಿ ಮಾತು ಬಾರದಿದ್ದರೂ ಕಣ್ಣು ಮಿಟುಕಿಸಿ ಹೌದು, ಅಲ್ಲ ಎನ್ನಬಹುದು.

ಮನೆಯವರಿಗೆ ಪ್ರತಿ ಗುರಿಯಲ್ಲೂ ಒಂದು ಕೆಲಸವಿರಬೇಕು. ಪಾದ ಕೆಳಕ್ಕೆ ಜೋಲದಂತೆ ನೇರವಾಗಿಟ್ಟು ಕೀಲುಗಳನ್ನು ಮೆಲ್ಲಗೆ ಆಡಿಸುವುದನ್ನು ಆ ತಾಯಿಗೆ ಕಲಿಸಿದೆ. ಈ ಕಾಯಿಲೆಯಲ್ಲಿ ಮುಟ್ಟಿದರೂ ನೋಯಬಹುದಾದ್ದರಿಂದ ನೋವಿನ ಔಷಧಿಯ ನಂತರವೇ ವ್ಯಾಯಾಮ. ನುಂಗುವುದರಲ್ಲಿ ಮಾತ್ರ ಮನೆಯವರ ಆತುರಕ್ಕೆ ನಾನು ಬಗ್ಗುವುದಿಲ್ಲ. ಪರೀಕ್ಷೆಯಾಗದೆ ಬಾಯಿಗೆ ನೀರೂ ಇಲ್ಲ.

ಡಿಸ್ಚಾರ್ಜ್‌ಗೆ ಮುಂಚೆ ನಡೆಯಬೇಕೆಂಬುದು ಅಜ್ಜನ ಹಟವಾಗಿತ್ತು. ನರಗಳ ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದೆಂದು ವಿವರಿಸಿದರೂ ಆ ಗುರಿಯನ್ನು ಹೊಡೆದುಹಾಕದೆ, "ಮನೆಗೆ ಹೋದ ಮೇಲೆ" ಎಂಬ ಭಾಗಕ್ಕೆ ಸರಿಸಿದೆವು. ಗುರಿಗಳ ಹಾಳೆಯ ಒಂದು ಪ್ರತಿಯನ್ನು ಡಿಸ್ಚಾರ್ಜ್ ಚೀಟಿಗೆ ಲಗತ್ತಿಸಿದೆ. ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಅಲ್ಲಿಂದ ಮುಂದುವರಿಸಬಹುದು.