ಇಳಿಯುವ ದಾರಿಗೆಂದು ಕಟ್ಟಿದ ಚೀಲ

ಕುದುರೆಮುಖ ಶಿಖರಕ್ಕೆ ನಾನು ಎರಡು ಸಲ ಹೋಗಿಬಂದಿದ್ದೇನೆ. ಮೊದಲ ಸಲದ ತಯಾರಿಯೆಲ್ಲ ಹತ್ತುವುದನ್ನು ನೆನೆದು ಮಾಡಿಕೊಂಡದ್ದಾಗಿತ್ತು. ಆ ದಿನ ಇಳಿಯುವಾಗ ಪಟ್ಟ ಪಾಡಿನಿಂದಾಗಿ ಎರಡನೆಯ ಸಲ ಚೀಲ ಕಟ್ಟುವಾಗ ಪ್ರತಿ ವಸ್ತುವಿನ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಂಡೆ: ಮಧ್ಯಾಹ್ನ ಮೂರು ಗಂಟೆಗೆ, ಕಾಲು ಸೋತು, ಇನ್ನೂ ಐದು ಕಿಲೋಮೀಟರ್ ಬಾಕಿ ಇರುವಾಗ ಇದು ಉಪಯೋಗಕ್ಕೆ ಬರುತ್ತದೆಯೇ?

ಆ ಪಾಡು ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ನವೆಂಬರ್ ತಿಂಗಳು. ಅಟ್ಟದ ಮೇಲೆ ನಾಲ್ಕು ವರ್ಷ ಡಬ್ಬಿಯಲ್ಲೇ ಇದ್ದ, ಹೆಚ್ಚೆಂದರೆ ಐದಾರು ಸಲ ಹಾಕಿದ್ದ ಚಾರಣದ ಶೂಗಳನ್ನು ಒರೆಸಿಕೊಂಡು ಹೊರಟಿದ್ದೆ. ನೋಡಲು ಹೊಸದರಂತೆಯೇ ಇದ್ದವು. ಶಿಖರ ಮುಟ್ಟಿ ಹಿಂತಿರುಗುವಾಗ, ಹುಲ್ಲುಗಾವಲಿನ ಇಳಿಜಾರಿನಲ್ಲಿ, ಬಲಗಾಲಿನ ಶೂ ಮೊಸಳೆಯಂತೆ ಬಾಯಿ ತೆರೆಯಿತು. ಅಟ್ಟೆ ಹಿಮ್ಮಡಿಯ ಕಡೆ ಮಾತ್ರ ಅಂಟಿಕೊಂಡು, ಮುಂದಿನ ಭಾಗವೆಲ್ಲ ಪಟಪಟನೆ ಬಡಿಯತೊಡಗಿತು. ಇಂಥ ಅನೇಕ ಶೂಗಳ ಅಟ್ಟೆಯಲ್ಲಿರುವ ಪಾಲಿಯುರೆಥೇನ್ ಎಂಬ ವಸ್ತು ಗಾಳಿಯ ತೇವಾಂಶ ಹೀರಿ ಒಳಗೊಳಗೇ ಪುಡಿಯಾಗುತ್ತದೆ, ಬಳಸದೆ ಇಟ್ಟರೂ ಅದು ಹಾಳಾಗುವುದು ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ. ನಮ್ಮ ಗೈಡ್ ಆಗಿದ್ದ ಸ್ಥಳೀಯ ಯುವಕ ತನ್ನ ಚೀಲದಿಂದ ಸುತ್ತಳಿ ತೆಗೆದು ಶೂವಿಗೆ ಬೆರಳುಗಳ ಹತ್ತಿರ ಎರಡು ಸುತ್ತು, ನಡುವೆ ಎರಡು ಸುತ್ತು ಬಿಗಿದ. ಪ್ರತಿ ಹಳ್ಳ ದಾಟಿದಾಗಲೂ ಸುತ್ತಳಿ ನೆನೆದು ಜಾರುತ್ತಿತ್ತು. ಹತ್ತುವ ದಾರಿ ಶುರುವಾಗುವ ಮುಳ್ಳೋಡಿ ಸೇರುವಷ್ಟರಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟಿದೆವು. ಕೊನೆಯ ಕಾಡಿನೊಳಗೆ ಕತ್ತಲಾಯಿತು. ಮೂರು ಜನರಿಗೆ ಒಂದೇ ಮೊಬೈಲಿನ ಬೆಳಕು. ಗಡುವು ಮೀರಿ ಬಂದಿದ್ದಕ್ಕೆ ಆ ಯುವಕ ಬೈಸಿಕೊಳ್ಳಬೇಕಾಯಿತು, ತಪ್ಪು ನನ್ನದಾಗಿತ್ತು. ಕ್ಷಮೆ ಕೇಳಿದಾಗ ಅವನು, “ಹತ್ತೋದು ನಿಮ್ ಖುಷಿ ಸರ್, ಇಳಿಸೋದು ನನ್ ಕೆಲ್ಸ” ಎಂದ.

ಮುಂದಿನ ವರ್ಷ ಅಕ್ಟೋಬರಿನಲ್ಲಿ ಭಾವಮೈದುನನೊಂದಿಗೆ ಮತ್ತೆ ಹೊರಟಾಗ ಆ ಮಾತು ತಲೆಯಲ್ಲಿತ್ತು.

ಮೊದಲ ಕೆಲಸ ಅನುಮತಿಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಟಿಕೆಟ್‌ಗಳು ಬೇಗನೆ ಮುಗಿಯುತ್ತವೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು. ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಕೆಳಗಿರಬೇಕು. ಈ ಒಂದು ನಿಯಮವೇ ಇಡೀ ದಿನದ ಲೆಕ್ಕಾಚಾರಕ್ಕೆ ಬುನಾದಿ.

ಲೆಕ್ಕ ಹೀಗೆ ಹಾಕಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದಿದೆ: ಪ್ರತಿ 3 ಮೈಲಿ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಮುಳ್ಳೋಡಿಯಿಂದ ಒಂದು ಕಡೆಗೆ ಸುಮಾರು ಹತ್ತು ಕಿಲೋಮೀಟರ್ ದಾರಿ, ಏರು ಒಂಬೈನೂರು ಮೀಟರಿನ ಆಸುಪಾಸು. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಆದರೆ ನೈಸ್ಮಿತ್‌ನ ಲೆಕ್ಕದಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕುಳಿತವನ ಮಂಡಿಗಳಿಗೆ ಜಾಗವಿಲ್ಲ. ಮೊದಲ ಸಲ ನನಗೆ ನಾಲ್ಕೂಮುಕ್ಕಾಲು ಗಂಟೆ ಹಿಡಿದಿತ್ತು. ಆದ್ದರಿಂದ ಏಳು ಗಂಟೆಗೆ ಹೊರಟು, ಹನ್ನೆರಡಕ್ಕೆ ಎಲ್ಲಿದ್ದರೆ ಅಲ್ಲಿಂದಲೇ, ಶಿಖರ ಕೈಗೆಟುಕುವಂತೆ ಕಂಡರೂ ಸರಿಯೇ, ಹಿಂತಿರುಗುವುದೆಂದು ಮನೆಯಲ್ಲೇ ತೀರ್ಮಾನಿಸಿದೆವು. ಇಂಥ ತೀರ್ಮಾನವನ್ನು ಬೆಟ್ಟದ ಮೇಲೆ ನಿಂತು ಮಾಡಲು ಹೋಗಬಾರದು, ಅಲ್ಲಿ ಮನಸ್ಸು ಕೊಸರಾಡುತ್ತದೆ. ಅಕ್ಟೋಬರಿನ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಸಂಭವವೂ ಹೆಚ್ಚು, ಮರವಿಲ್ಲದ ಬೆಟ್ಟಸಾಲಿನ ನೆತ್ತಿಯ ಮೇಲೆ ಸಿಡಿಲಿನ ಹೊತ್ತಿಗೆ ಇರುವುದು ಅಪಾಯ.

ಮಂಡಿಯ ವಿಷಯಕ್ಕೆ ಆರು ವಾರ ಕೊಟ್ಟೆ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಇಳಿಯುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ, ಮರುದಿನ ಮೆಟ್ಟಿಲಿಳಿಯಲಾಗದಂತೆ ನೋಯುವುದು ಈ ಕೆಲಸಕ್ಕೇ. ಹಾಗಾಗಿ ನಮ್ಮ ಐದು ಮಹಡಿಯ ಕಟ್ಟಡವನ್ನು ಲಿಫ್ಟಿನಲ್ಲಿ ಹತ್ತಿ, ನಾಲ್ಕು ಲೀಟರ್ ನೀರಿನ ಬಾಟಲಿಗಳಿದ್ದ ಚೀಲ ಹೊತ್ತು, ಮೆಟ್ಟಿಲಲ್ಲಿ ನಿಧಾನವಾಗಿ ಇಳಿಯುವುದನ್ನು ವಾರಕ್ಕೆ ನಾಲ್ಕು ದಿನ ಮಾಡಿದೆ. ಕಾವಲುಗಾರರು ಮೊದಲ ವಾರ ವಿಚಿತ್ರವಾಗಿ ನೋಡಿದರು, ಎರಡನೆಯ ವಾರ ಸುಮ್ಮನಾದರು. ಹೊಸ ಶೂವನ್ನು ಆ ಮೆಟ್ಟಿಲುಗಳ ಮೇಲೆಯೇ ಪಳಗಿಸಿದೆ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿದೆ, ಏಕೆಂದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಶೂವಿನ ತುದಿಗೆ ಗುದ್ದುತ್ತದೆ. ಮೊದಲ ಸಲ ನನ್ನದೊಂದು ಕಪ್ಪಾಗಿ ಬಿದ್ದೇಹೋಗಿತ್ತು.

ಚೀಲದೊಳಗೆ ತಲಾ ಮೂರು ಲೀಟರ್ ನೀರು ಇಟ್ಟೆವು. ಅದರಲ್ಲಿ ಒಂದು ಲೀಟರನ್ನು ಶಿಖರದಿಂದ ಇಳಿಯುವವರೆಗೆ ಮುಟ್ಟಬಾರದೆಂಬ ಒಪ್ಪಂದ, ಅದಕ್ಕೆ ಬೇರೆಯೇ ಬಾಟಲಿ. ಅದರೊಳಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿದ್ದೆ. ಬೆವರಿನಲ್ಲಿ ಹೋದ ಉಪ್ಪು ಬರಿಯ ನೀರಿನಿಂದ ಮರಳುವುದಿಲ್ಲ. ಊಟಕ್ಕೆ ಪುಳಿಯೋಗರೆ, ದಾರಿಗೆ ಕಡಲೆಮಿಠಾಯಿ, ಖರ್ಜೂರ, ಸೌತೆಕಾಯಿ. ಹುಣಸೆ, ಎಣ್ಣೆ ಬಿದ್ದ ಅನ್ನ ಸಂಜೆಯವರೆಗೂ ಹಳಸುವುದಿಲ್ಲ. ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಹಾಕಿದ್ದರಿಂದ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಎಣಿಸುವವರಿಗೆ ಕೆಲಸವಿರಲಿಲ್ಲ. ತಲೆಗೆ ಕಟ್ಟುವ ಟಾರ್ಚ್ ಇಬ್ಬರಿಗೂ ಒಂದೊಂದು, ಮಳೆ ಅಂಗಿ, ಅಂಟುಪಟ್ಟಿ, ಬ್ಯಾಂಡೇಜ್, ಮತ್ತು ಖಂಡಿತವಾಗಿ, ಮೂರು ಮೀಟರ್ ನೈಲಾನ್ ಹಗ್ಗ.

ಇಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾದ್ದಿಲ್ಲ, ಬಯಲುಸೀಮೆಯವರಿಗಾಗಿ ಬರೆಯುತ್ತೇನೆ. ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿದರೆ ಮುಕ್ಕಾಲು ಸಮಸ್ಯೆ ಮುಗಿಯುತ್ತದೆ. ಉಪ್ಪನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ಕಚ್ಚಿದ ಇಂಬಳ ಬಿಡುತ್ತದೆ, ಎಳೆದು ಕೀಳಬಾರದು. ಅದರ ಜೊಲ್ಲಿನಲ್ಲಿರುವ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ಒಸರುತ್ತದೆ, ಗಾಬರಿ ಬೇಡ. ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಉಣುಗನ್ನು, ಅಂದರೆ ಉಣ್ಣೆಹುಳುವನ್ನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆ ತಿಂಗಳುಗಳಲ್ಲಿ ಮಲೆನಾಡಿನ ಕಾಡಿಗೆ ಹೋಗುವವರು ತುಂಬುತೋಳಿನ ಅಂಗಿ ಹಾಕಿ, ಉಣುಗನ್ನು ದೂರವಿಡುವ ಡೀಪಾ ಎಣ್ಣೆ ಹಚ್ಚಿ, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ದಾರಿಯಲ್ಲಿ ಬಹುಪಾಲು ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೋಂಸ್ಟೇಯವರಿಗೂ ಮನೆಯವರಿಗೂ ಒಂದೇ ಚೀಟಿ ಬರೆದುಕೊಟ್ಟೆವು: ಹೊರಡುವ ವೇಳೆ, ಹಿಂತಿರುಗುವ ವೇಳೆ, ಸಂಜೆ ಏಳರವರೆಗೆ ಸುದ್ದಿಯಿಲ್ಲದಿದ್ದರೆ ಯಾರಿಗೆ ಹೇಳಬೇಕು ಎಂಬುದು.

ಅಂದು ಬಾಳೆಗಲ್ಲಿನಿಂದ ಜೀಪಿನಲ್ಲಿ ಕುಲುಕಾಡಿ ಮುಳ್ಳೋಡಿ ಸೇರಿ ಹೊರಟದ್ದು ಏಳೂ ಹತ್ತಕ್ಕೆ. ಸಮಯ ಗೊತ್ತಿದ್ದರಿಂದ ಧಾವಂತವಿರಲಿಲ್ಲ. ಮೊದಲ ಸಲ ನೆಲ ನೋಡಿಕೊಂಡೇ ನಡೆದಿದ್ದವನು ಈ ಸಲ ಕಣಿವೆಗಳ ಮಡಿಲಲ್ಲಿ ಮಾತ್ರ ಗುಂಪಾಗಿ ನಿಂತ ಶೋಲಾ ಕಾಡನ್ನೂ ಅದರ ಅಂಚಿಗೆ ಕತ್ತರಿಸಿಟ್ಟಂತೆ ಶುರುವಾಗುವ ಹುಲ್ಲನ್ನೂ ನಿಂತು ನೋಡಿದೆ. ಹನ್ನೊಂದೂ ಐವತ್ತಕ್ಕೆ ಶಿಖರ. ಮಂಜು ಎಷ್ಟಿತ್ತೆಂದರೆ ಪಡುವಣ ಕಣಿವೆ ಎರಡು ನಿಮಿಷವಷ್ಟೇ ಕಂಡಿತು. ಭಾವಮೈದುನ ಇನ್ನರ್ಧ ಗಂಟೆ ಕಾಯೋಣವೆಂದ, ನಾನು ಗಡಿಯಾರ ತೋರಿಸಿದೆ. ಅವನು ಸ್ವಲ್ಪ ಮುನಿಸಿಕೊಂಡೇ ಇಳಿಯತೊಡಗಿದ. ಎರಡೂವರೆಗೆ ಹಿಂದಿನಿಂದ ಗುಡುಗು ಕೇಳಿಸಿದಾಗ ನಾವು ಮರಗಳ ನಡುವೆ ಸಾಕಷ್ಟು ಕೆಳಗಿದ್ದೆವು. ಮುಚ್ಚಿಟ್ಟ ಬಾಟಲಿಯನ್ನು ಅಲ್ಲಿ ತೆರೆದೆವು. ನಾಲ್ಕೂ ಇಪ್ಪತ್ತಕ್ಕೆ ಮುಳ್ಳೋಡಿ. ಟಾರ್ಚ್ ಚೀಲದಿಂದ ಹೊರಗೆ ಬರಲೇ ಇಲ್ಲ.

ಮರುದಿನ ಬೆಂಗಳೂರಿನ ಹಾದಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಕಾರಿನಿಂದ ಹೋಟೆಲಿನವರೆಗೆ ಕುಂಟದೆ ನಡೆದೆನೆಂಬ ಹೆಮ್ಮೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಭಾವಮೈದುನ, “ಭಾವ, ಅಲ್ಲಾಡ್ಬೇಡಿ” ಎಂದು ನನ್ನ ಪಾದದತ್ತ ಬೆರಳು ಮಾಡಿ, ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಗೆ ಕೈಹಾಕಿದ.