ಟೆಲಿಫೋಟೋ ಚಿತ್ರದ ಮೂಲೆಗಳು ಮಂಕಾಗುತ್ತಿವೆಯೇ?

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆ ಮರದ ನೆತ್ತಿಯಿಂದ ಹೆಜ್ಜಾರ್ಲೆ ಹಾರಿದಾಗ ಅದರ ಹಿಂದೆ ಇರುವುದು ಬರಿಯ ಆಕಾಶ. ಎಲೆ, ಕೊಂಬೆ ಯಾವುದೂ ಇಲ್ಲದ ಇಂತಹ ಹಿನ್ನೆಲೆಯಲ್ಲಿಯೇ ದೂರದ್ದನ್ನು ಹತ್ತಿರಕ್ಕೆ ತರುವ ಟೆಲಿಫೋಟೋ ಲೆನ್ಸಿನ ಒಂದು ದೋಷ ಎದ್ದು ಕಾಣುತ್ತದೆ: ನಡುವೆ ತಿಳಿಯಾಗಿರುವ ಆಕಾಶ ಮೂಲೆಗಳತ್ತ ಹೋದಂತೆ ಮಂಕಾಗುತ್ತದೆ. ವಿಗ್ನೆಟಿಂಗ್ ಎಂದು ಕರೆಯುವ ಈ ದೋಷಕ್ಕೆ ಕಾರಣಗಳು ಹಲವು. ಹೀಗಾಗಿ, ಕಂಪ್ಯೂಟರಿನಲ್ಲಿ ಮೂಲೆಗಳನ್ನು ಬೆಳಗಿಸಲು ಹೊರಡುವ ಮೊದಲು ಬೆಳಕಿಗೆ ಅಡ್ಡಿಯಾಗುತ್ತಿರುವುದು ಯಾವುದು ಎಂಬುದನ್ನು ಕಂಡುಕೊಳ್ಳಬೇಕು.

ಅದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕ್ಯಾಮೆರಾವನ್ನು ರಾ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಮತ್ತು ಮ್ಯಾನ್ಯುವಲ್ (ಎಲ್ಲವನ್ನೂ ಕೈಯಾರೆ ಹೊಂದಿಸುವ) ವಿಧಾನಕ್ಕೆ ಹೊಂದಿಸಿ, ಫೋಕಸ್ಸನ್ನು ಅನಂತಕ್ಕೆ ಇಟ್ಟು, ಅಡ್ಡ ಬೆಳಕನ್ನು ತಡೆಯಲು ಲೆನ್ಸಿನ ತುದಿಗೆ ಹಾಕುವ ಹುಡ್‌ನ ಬಾಯಿಗೆ ಸುಕ್ಕಿಲ್ಲದ ಬಿಳಿ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಸೂರ್ಯನಿಂದ ದೂರದ ಆಕಾಶದತ್ತ ತಿರುಗಿಸಿ. ಕ್ಯಾಮೆರಾ ತಾನಾಗಿಯೇ ಮಾಡುವ ತಿದ್ದುಪಡಿಯನ್ನು ಮೊದಲೇ ನಿಲ್ಲಿಸಬೇಕು. ಕ್ಯಾನನ್‌ನಲ್ಲಿ ಅದು ಪೆರಿಫೆರಲ್ ಇಲ್ಯುಮಿನೇಶನ್ ಕರೆಕ್ಷನ್, ನಿಕಾನ್‌ನಲ್ಲಿ ವಿಗ್ನೆಟ್ ಕಂಟ್ರೋಲ್, ಸೋನಿಯಲ್ಲಿ ಶೇಡಿಂಗ್ ಕಾಂಪೆನ್ಸೇಶನ್ ಎಂಬ ಹೆಸರಿನಲ್ಲಿರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಬದಲಿಸದೆ, ಅಪರ್ಚರ್ ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರವನ್ನು ಹಂತಹಂತವಾಗಿ ಕಿರಿದಾಗಿಸುತ್ತ, ಎಫ್/2.8ರಲ್ಲಿ 1/1000 ಸೆಕೆಂಡ್, ಎಫ್/4ರಲ್ಲಿ 1/500, ಎಫ್/5.6ರಲ್ಲಿ 1/250, ಎಫ್/8ರಲ್ಲಿ 1/125 ಎಂಬಂತೆ ನಾಲ್ಕು ಚಿತ್ರಗಳನ್ನು ತೆಗೆಯಿರಿ. ಇವುಗಳ ನಡುಭಾಗ ಒಂದೇ ಹೊಳಪಿನದಾಗಿರುವುದರಿಂದ, ಚಿಕ್ಕದಾಗಿಸಿ ಅಕ್ಕಪಕ್ಕ ಇಟ್ಟರೆ ಮೂಲೆಗಳ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ.

ಅಪರ್ಚರ್ ಕಿರಿದಾದಂತೆ ಮಂಕು ಕರಗುತ್ತ ಹೋದರೆ ಕಾರಣ ಲೆನ್ಸಿನ ರಚನೆಯಲ್ಲೇ ಇದೆ. ಚಿತ್ರದ ಮೂಲೆಗಳಿಗೆ ಓರೆಯಾಗಿ ಸಾಗುವ ಕಿರಣಗಳಲ್ಲಿ ಒಂದಷ್ಟನ್ನು ಲೆನ್ಸಿನ ಮುಂದಿನ ಮತ್ತು ಹಿಂದಿನ ಗಾಜುಗಳ ಅಂಚುಗಳು ತಡೆದುಬಿಡುತ್ತವೆ. ಅಪರ್ಚರ್ ಪೂರ್ತಿ ತೆರೆದಿದ್ದಾಗ ಈ ತಡೆ ಅತಿ ಹೆಚ್ಚು. ದೂರದ ಬೀದಿದೀಪಗಳನ್ನು ಫೋಕಸ್ ತಪ್ಪಿಸಿ ಚಿತ್ರಿಸಿದರೆ ಇದನ್ನು ಕಣ್ಣಾರೆ ನೋಡಬಹುದು: ನಡುವಿನ ದೀಪ ದುಂಡಗೆ ಕಂಡರೆ ಮೂಲೆಯ ದೀಪ ಬಾದಾಮಿಯಂತೆ ಎರಡು ಕಡೆ ಚೂಪಾಗಿರುತ್ತದೆ. ಓರೆ ಬೆಳಕು ಸಹಜವಾಗಿ ಕ್ಷೀಣಿಸುವುದೂ ಒಂದು ಕಾರಣವೆಂದು ವೈಡ್ ಆ್ಯಂಗಲ್ ಲೆನ್ಸುಗಳ ಬಗ್ಗೆ ಹೇಳುವುದುಂಟು. ಆದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ ಮೇಲಿನ 400 ಮಿ.ಮೀ. ಲೆನ್ಸಿನಲ್ಲಿ ಮೂಲೆಯ ನೋಟದ ಓರೆ ಸುಮಾರು 3 ಡಿಗ್ರಿ ಮಾತ್ರ. ಅಷ್ಟು ಓರೆಯಿಂದ ಆಗುವ ಸಹಜ ನಷ್ಟ ಶೇ 1ರಷ್ಟೂ ಇರುವುದಿಲ್ಲ.

ಎಫ್/8ಕ್ಕೆ ಬಂದರೂ ಕತ್ತಲು ಹೋಗದೆ, ಅದರ ಅಂಚು ಇನ್ನಷ್ಟು ಸ್ಪಷ್ಟವಾದರೆ ಅಥವಾ ಒಂದೇ ಮೂಲೆ ಕಪ್ಪಾಗಿದ್ದರೆ ಹೊರಗಿನ ವಸ್ತುವೊಂದು ಅಡ್ಡ ಬಂದಿದೆ ಎಂದೇ ತಿಳಿಯಬೇಕು. ಹುಡ್ ಸರಿಯಾಗಿ ಕೂರದಿರುವುದು, ಒಂದರ ಮೇಲೊಂದು ಹಾಕಿದ ಫಿಲ್ಟರ್, ಇಕ್ಕಟ್ಟಾದ ಅಡಾಪ್ಟರ್ ಇವುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷೆಯನ್ನು ಮರಳಿ ಮಾಡಿ. ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಂದ್ರನನ್ನೋ ನೀಹಾರಿಕೆಯನ್ನೋ ತೆಗೆಯುವವರಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಒಂದೂಕಾಲು ಇಂಚಿನ, ಅಂದರೆ ಸುಮಾರು 32 ಮಿ.ಮೀ.ನ ಕೊಳವೆ 43 ಮಿ.ಮೀ. ಕರ್ಣದ ಫುಲ್ ಫ್ರೇಮ್ ಸೆನ್ಸರಿನ ಮೂಲೆಗಳಿಗೆ ಬೆಳಕು ತಲುಪಿಸಲಾರದು. ಅಲ್ಲಿ 2 ಇಂಚಿನ ಅಡಾಪ್ಟರ್ ಬೇಕು.

ಇನ್ನು ಹೊರಾಂಗಣದ ಮಾತು. ಅಪರ್ಚರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಕಿರಿದಾಗಿಸಿದರೆ ಮಂಕು ಕಡಿಮೆಯಾಗುತ್ತದೆ ನಿಜ. ಬಿಸಿಲು ಚೆನ್ನಾಗಿದ್ದರೆ, ಅಥವಾ ಹಕ್ಕಿ ಗೂಡಿನಲ್ಲಿ ಕುಳಿತಿದ್ದರೆ ಹಾಗೆಯೇ ಮಾಡಿ. ಆದರೆ ಸಂಜೆಯ ಬೆಳಕಿನಲ್ಲಿ ಹಾರುವ ಹಕ್ಕಿಗೆ 1/2000 ಸೆಕೆಂಡ್ ಬೇಕಾದಾಗ ಅಪರ್ಚರ್ ಕಿರಿದಾಗಿಸಿದರೆ ಐಎಸ್‌ಒ ಎರಡು ಪಟ್ಟು ಏರಿಸಬೇಕಾಗುತ್ತದೆ, ಅದರ ನಾಯ್ಸ್ (ಮರಳಿನಂತಹ ಚುಕ್ಕೆಗಳು) ಹಕ್ಕಿಯ ಗರಿಗಳ ಮೇಲೂ ಕೂರುತ್ತದೆ. ನಾಲ್ಕು ಮೂಲೆಗಳಿಗಾಗಿ ಇಡೀ ಚಿತ್ರವನ್ನು ಕೆಡಿಸಿಕೊಳ್ಳುವುದು ಬೇಡವೆಂದೇ ನನ್ನ ಸಲಹೆ. ಅಪರ್ಚರ್ ತೆರೆದೇ ಇರಲಿ. ಮೂಲೆಗಳನ್ನು ನಂತರ ಬೆಳಗಿಸಿದಾಗ ನಾಯ್ಸ್ ಅಲ್ಲಿಗಷ್ಟೇ ಸೀಮಿತವಾಗಿರುತ್ತದೆ.

ಹೀಗೆ ನಂತರ ಮಾಡುವ ತಿದ್ದುಪಡಿ ರಾ ಕಡತದ ಮೇಲೆಯೇ ಆಗಲಿ, ಏಕೆಂದರೆ ಜೆಪೆಗ್‌ನ ನೀಲಿ ಆಕಾಶವನ್ನು ಬೆಳಗಿಸಿದರೆ ಪಟ್ಟೆಗಳು ಮೂಡುವ ಸಂಭವವಿದೆ. ಲೈಟ್‌ರೂಮ್ ತಂತ್ರಾಂಶದಲ್ಲಿ ನಿಮ್ಮ ಲೆನ್ಸಿನ ಪ್ರೊಫೈಲ್, ಅಂದರೆ ಅದರ ದೋಷಗಳ ಸಿದ್ಧ ಮಾಹಿತಿಯನ್ನು ಆರಿಸಿದರೆ ಸಾಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಮತ್ತು ರಾ ಥೆರಪಿ ಇದೇ ಕೆಲಸಕ್ಕೆ ಲೆನ್ಸ್‌ಫನ್ ಎಂಬ ದತ್ತಾಂಶವನ್ನು ಬಳಸುತ್ತವೆ. ಲೈಟ್‌ರೂಮ್‌ನಲ್ಲಿ ಕೈಯಾರೆ ತಿದ್ದುವವರು ಲೆನ್ಸ್ ಕರೆಕ್ಷನ್ಸ್ ವಿಭಾಗದ ಸ್ಲೈಡರನ್ನೇ ಬಳಸಬೇಕು. ಎಫೆಕ್ಟ್ಸ್ ವಿಭಾಗದಲ್ಲಿರುವುದು ಕತ್ತರಿಸಿ ಉಳಿದ ಚೌಕಟ್ಟನ್ನು ಅನುಸರಿಸುತ್ತದೆ, ಹಾಗಾಗಿ ಹಕ್ಕಿಯನ್ನು ಹತ್ತಿರಕ್ಕೆ ತರಲು ಚಿತ್ರವನ್ನು ಕತ್ತರಿಸಿದ್ದರೆ ಅದು ತಪ್ಪು ಜಾಗವನ್ನು ಬೆಳಗಿಸುತ್ತದೆ.

ಪ್ರೊಫೈಲ್ ಇಲ್ಲದ ಹಳೆಯ ಲೆನ್ಸಾದರೆ ಪರೀಕ್ಷೆಯ ಬಿಳಿ ಬಟ್ಟೆಯೇ ನೆರವಿಗೆ ಬರುತ್ತದೆ. ಮೂಲ ಚಿತ್ರದ ಅಪರ್ಚರ್, ಫೋಕಸ್, ಜೂಮ್ ಯಾವುದನ್ನೂ ಬದಲಿಸದೆ ಬಟ್ಟೆಯ ಮೂಲಕ ಒಂದು ಚಿತ್ರ ತೆಗೆದು, ರಾ ಥೆರಪಿಯ ಫ್ಲಾಟ್ ಫೀಲ್ಡ್ ಸೌಲಭ್ಯಕ್ಕೆ ಕೊಡಿ. ಆ ಚಿತ್ರದಲ್ಲಿ ಎಲ್ಲೆಲ್ಲಿ ಎಷ್ಟು ಬೆಳಕು ಕಡಿಮೆಯಾಗಿದೆಯೋ ಅದೇ ಪ್ರಮಾಣದಲ್ಲಿ ತಂತ್ರಾಂಶ ಮೂಲ ಚಿತ್ರವನ್ನು ಬೆಳಗಿಸುತ್ತದೆ. ಹಲವು ಟೆಲಿಫೋಟೋ ಚಿತ್ರಗಳನ್ನು ಹೊಲಿದು ಪನೋರಮಾ ಮಾಡುವುದಿದ್ದರೆ ಪ್ರತಿಯೊಂದನ್ನೂ ಹೊಲಿಯುವ ಮೊದಲೇ ಹೀಗೆ ತಿದ್ದಿಕೊಳ್ಳಬೇಕು; ನಂತರ ತಿದ್ದಲು ಹೋದರೆ ಆಕಾಶದಲ್ಲಿ ಉಳಿದ ಮಂಕು ಪಟ್ಟೆಗಳನ್ನು ಒಂದೊಂದಾಗಿ ಅಳಿಸಬೇಕಾಗುತ್ತದೆ.